ಆಂಟೆನಾ ತಿರುಗಿಸಿದ್ದು ನಾನಲ್ಲ

ತಿದ್ದಬೇಕಾಗಿದ್ದದ್ದು ಎರಡು ವಾಕ್ಯ. 'ಭಾನುವಾರ ಸಂಜೆ ತಾರಸಿ ಹತ್ತಿ ಆಂಟೆನಾ ತಿರುಗಿಸುವ ಕೆಲಸ ನನ್ನದಾಗಿತ್ತು. ಕೈಯಲ್ಲಿ ತಣ್ಣಗಿನ ಕಬ್ಬಿಣದ ಪೈಪು, ಕಣ್ಣೆದುರು ಹಲಸೂರು ಕೆರೆ.'

ಹೋದ ವರ್ಷ ಇವು ಒಂದು ಪತ್ರಿಕೆಯ ಪುರವಣಿಯಲ್ಲಿ ಅಚ್ಚಾಗಿದ್ದವು. ಈಗ ಅಂಥ ಬರಹಗಳೆಲ್ಲ ಸೇರಿ ಪುಸ್ತಕವಾಗುತ್ತಿವೆ. ಕರಡು ನನ್ನ ಮೇಜಿನ ಮೇಲಿದೆ, ಸೋಮವಾರ ಪ್ರೆಸ್ಸಿಗೆ ಹೋಗಬೇಕು.

ಅದು ಅಚ್ಚಾದಾಗ ಬಹಳ ಜನ ಫೋನ್ ಮಾಡಿದ್ದರು. ನಮ್ಮ ಮನೆಯಲ್ಲೂ ಹೀಗೇ ಸಾರ್, ನಾನೇ ಹತ್ತುತ್ತಿದ್ದದ್ದು ಸಾರ್. ಓದಿದವರೆಲ್ಲ ತಾರಸಿಯ ಮೇಲಿದ್ದವರೇ. ಕೆಳಗೆ ಚಾಪೆಯ ಮೇಲೆ ಕೂತು ಸಿನಿಮಾ ನೋಡಿದೆ ಎಂದವರು ಒಬ್ಬರೂ ಸಿಗಲಿಲ್ಲ. ನನಗೆ ಆಗಲೇ ಅನುಮಾನ ಬರಬೇಕಿತ್ತು.

ಈ ಗುರುವಾರ ಆಪಾಳ ಧ್ವನಿ ಸಂದೇಶ ಬಂತು. ಯಾರೋ ಆ ಪುಟದ ಫೋಟೋ ತೆಗೆದು ಅವಳಿಗೆ ಕಳಿಸಿದ್ದರಂತೆ.

"ಏನೋ, ಓದ್ದೆ ನಿಂದು. ಆ ನೀಲಿ ಹಾಳೆ, ಪಾಟಿ ಬೀಗದಕೈ, ಎಲ್ಲಾ ಸರಿಯಾಗಿದೆ. ಆದ್ರೆ ತಾರಸಿ ಮೇಲೆ ನೀನ್ಯಾವಾಗ ಹತ್ತಿದ್ದೆ? ಮಂಚದ ಮೇಲೆ ನಿಲ್ಸಿದ್ರೆ ಅಳ್ತಿದ್ದೋನು ನೀನು."

ಆಪಾ ನನ್ನ ಅಕ್ಕನಲ್ಲ. ಮರ್ಫಿ ಟೌನಿನ ವಠಾರದಲ್ಲಿ ನಮ್ಮ ಪಕ್ಕದ ಮನೆಯವಳು. ಅಲ್ಲಿ ಒಂದು ಅಂಗಳ, ಒಂದು ನಲ್ಲಿ, ಮೂರು ಬಾಗಿಲು. ಒಂದು ಬಾಗಿಲು ನಮ್ಮದು. ಇನ್ನೊಂದು ಆಪಾಳ ಮನೆಯವರದು, ಅವಳ ತಂದೆ ಶಿವಾಜಿನಗರದಲ್ಲಿ ಸೋಫಾಗಳಿಗೆ ಹತ್ತಿ ತುಂಬುತ್ತಿದ್ದರು. ಮೂರನೆಯದು ವಠಾರದ ಒಡತಿಯದು, ತಮಿಳಿನ ಮುದುಕಿ, ನಮ್ಮೆಲ್ಲರ ಪಾಟಿ, ಅಂದರೆ ಅಜ್ಜಿ. ಆಪಾಳನ್ನು ಅವಳ ತಮ್ಮ ತಂಗಿಯರು ಉರ್ದುವಿನಲ್ಲಿ ಅಕ್ಕ ಎಂದು ಹಾಗೆ ಕರೆಯುತ್ತಿದ್ದರು, ಅದರಿಂದ ನಾನೂ. ನನಗಿಂತ ಮೂರು ವರ್ಷ ದೊಡ್ಡವಳು. ಕನ್ನಡ ಶಾಲೆಗೆ ನನ್ನನ್ನು ಕೈಹಿಡಿದು ಕರೆದುಕೊಂಡು ಹೋಗುತ್ತಿದ್ದವಳೂ ಅವಳೇ. ಇದನ್ನು ನಾನು ಪುರವಣಿಯಲ್ಲಿ ಬರೆದಿರಲಿಲ್ಲ.

ಟೀವಿ ಇದ್ದದ್ದು ಪಾಟಿಯ ಮನೆಯಲ್ಲಿ. ಮರದ ಪೆಟ್ಟಿಗೆ, ಎರಡು ಕಡೆಯಿಂದ ಎಳೆದು ಮುಚ್ಚುವ ಬಾಗಿಲು, ಅದಕ್ಕೊಂದು ಬೀಗ. ಬೀಗದಕೈ ಪಾಟಿಯ ಸೊಂಟದಲ್ಲಿ. ಕಪ್ಪು ಬಿಳುಪು ಚಿತ್ರ ಬಣ್ಣದ್ದಾಗಿ ಕಾಣಲೆಂದು ಗಾಜಿನ ಮುಂದೆ ಒಂದು ನೀಲಿ ಪ್ಲಾಸ್ಟಿಕ್ ಹಾಳೆ ಇಳಿಬಿಟ್ಟಿದ್ದರು. ಅದರಿಂದ ನಾಯಕನೂ ಖಳನಾಯಕನೂ ಹಸುಗಳೂ ನೀಲಿ. ಭಾನುವಾರ ಸಂಜೆ ಸಿನಿಮಾ. ಅದು ಶುರುವಾಗುವ ಹೊತ್ತಿಗೆ ಸರಿಯಾಗಿ ಪರದೆಯ ತುಂಬ ಅಕ್ಕಿ ಚೆಲ್ಲಿದ ಹಾಗೆ ಚುಕ್ಕೆ. ಆಗ ಒಬ್ಬರು ತಾರಸಿ ಹತ್ತಿ ಆಂಟೆನಾ ತಿರುಗಿಸಬೇಕು. ನಮ್ಮೆರಡು ಮನೆಗೂ ಹೆಂಚು, ಪಾಟಿಯ ಮನೆಗೆ ಮಾತ್ರ ತಾರಸಿ. ಅದಕ್ಕೂ ಮೆಟ್ಟಿಲಿಲ್ಲ, ಗುಜರಿಯಿಂದ ತಂದ ಕಬ್ಬಿಣದ ಏಣಿಯೊಂದನ್ನು ಹಿಂಗೋಡೆಗೆ ಬಿಗಿದಿದ್ದರು. ಒಳಗೆ ಟೀವಿಯ ಮುಂದೆ ಪಾಟಿ, ಹಿತ್ತಲಲ್ಲಿ ಒಬ್ಬರು, ಮೇಲೊಬ್ಬರು. ಪಾಟಿ "ವಂದಿಡ್ಚು" ಎಂದರೆ ಹಿತ್ತಲಿನವರು "ಬಂತು" ಎಂದು ಮೇಲಕ್ಕೆ ಕೂಗಬೇಕು. ಪಾಟಿ "ಪೋಚ್ಚು" ಎಂದರೆ "ಹೋಯ್ತು". ತಮಿಳು ಕಿಟಕಿಯಿಂದ ಹೊರಬಿದ್ದು ಕನ್ನಡವಾಗಿ ಏಣಿ ಹತ್ತುತ್ತಿತ್ತು.

ಇಷ್ಟರ ಬಗ್ಗೆ ಆಪಾಳದೂ ತಕರಾರಿಲ್ಲ. ತಕರಾರು ಮೇಲಿದ್ದವರು ಯಾರು ಎನ್ನುವುದು.

ನಾನು ಫೋನ್ ಮಾಡಿದೆ.

"ಆಪಾ, ಪೈಪು ನನ್ನ ಕೈಯಲ್ಲಿದ್ದದ್ದು ಇವತ್ತಿಗೂ ನೆನಪಿದೆ. ತಣ್ಣಗೆ, ತುಕ್ಕು ತುಕ್ಕಾಗಿ."

"ತಣ್ಣಗೆ?" ಆಪಾ ನಕ್ಕಳು. "ಇಡೀ ದಿನ ಬಿಸಿಲಲ್ಲಿ ನಿಂತಿರೋ ಪೈಪು ತಣ್ಣಗಿರತ್ತಾ? ಸುಡ್ತಿತ್ತು ಕಣೋ. ದುಪಟ್ಟಾ ಕೈಗೆ ಸುತ್ಕೊಂಡು ತಿರುಗಿಸ್ತಿದ್ದೆ ನಾನು."

"ಮತ್ತೆ ಕೆರೆ? ಕೆರೆ ಚೆನ್ನಾಗಿ ನೆನಪಿದೆ. ದೋಣಿ ಇತ್ತು."

"ಅಲ್ಲಿಂದ ಎಲ್ಲಿ ಕಾಣತ್ತೆ ಕೆರೆ? ಎದುರಿಗೆ ತೆಂಗಿನ ಮರ ಅಡ್ಡ. ಇಳಿದ್ಮೇಲೆ ನೀನು ಕೇಳ್ತಿದ್ದೆ, ಆಪಾ ಏನು ಕಾಣಿಸ್ತು, ಏನು ಕಾಣಿಸ್ತು ಅಂತ. ಪ್ರಾಣ ತಿಂತಿದ್ದೆ. ಅದಕ್ಕೆ ಕೆರೆ ಕಾಣ್ತು, ದೋಣಿ ಕಾಣ್ತು ಅಂತ ಹೇಳ್ಬಿಡ್ತಿದ್ದೆ. ಸುಳ್ಳು."

ಆ ಬರಹದಲ್ಲಿ ಎಲ್ಲರೂ ಮೆಚ್ಚಿದ್ದು ಆ ಕೆರೆಯನ್ನು.

ಆಮೇಲೆ ಅವಳು ನಿಜವಾದ ವಿಷಯಕ್ಕೆ ಬಂದಳು. "ನಂಗೇನು ಪೇಪರಲ್ಲಿ ಬರ್ಬೇಕು ಅಂತಿಲ್ಲ. ಮೊಮ್ಮಗಳಿಗೆ ಎಷ್ಟು ಸಲ ಹೇಳಿದ್ದೀನಿ ಈ ಕಥೆ. ನಿಂದು ಓದ್ಬಿಟ್ಟು ಏನಂದ್ಳು ಗೊತ್ತಾ? ದಾದಿ, ಇದು ಆ ಅಂಕಲ್ ಕಥೆ, ನಿಮ್ದು ಅಂತ ಹೇಳ್ಕೊಂಡ್ಬಿಟ್ಟಿದ್ದೀರ ಅಂದ್ಳು. ಮನೇಲಿ ನಾನೀಗ ಸುಳ್ಳುಗಾತಿ. ನಿಂದು ಅಚ್ಚಾಗಿದೆ, ನಂದು ಬರೀ ಬಾಯಲ್ಲಿದೆ."

ಪುಸ್ತಕದ ವಿಷಯ ಹೇಳಿದೆ. ನನಗೆ ಗೊತ್ತಿದ್ದ ಒಂದು ಉಪಾಯವನ್ನೂ ಹೇಳಿದೆ. "ಎರಡೂ ಹಾಕ್ತೀನಿ ಆಪಾ. ನಿನ್ನ ನೆನಪು ಒಂದು ಕಡೆ, ನಂದು ಒಂದು ಕಡೆ. ಯಾವುದು ನಿಜ ಅಂತ ಓದುಗರೇ ತೀರ್ಮಾನ ಮಾಡ್ಲಿ."

ಇಂಥದ್ದನ್ನು ಮೊದಲೂ ಮಾಡಿದ್ದೇನೆ. ಮೂರು ಆರಂಭ ಕೊಡುವುದು, ಅಂತ್ಯವನ್ನು ಬಿಟ್ಟುಬಿಡುವುದು. ನೆನಪನ್ನು ನಂಬಬಾರದು ಎಂದು ಸಭೆಗಳಲ್ಲಿ ಮಾತಾಡಿದ್ದೇನೆ.

"ತಾರಸಿ ಮೇಲೆ ಒಬ್ರಿಗೇ ಕಣೋ ಕೆಲಸ ಇದ್ದಿದ್ದು," ಅಂದಳು ಆಪಾ. "ಶನಿವಾರ ಬಾ. ಹೋಗಿ ನೋಡೋಣ. ಮನೆ ಇನ್ನೂ ಇದೆ."

ಮನೆ ಇತ್ತು. ಸುತ್ತ ಎಲ್ಲ ಮೂರು ನಾಲ್ಕು ಮಹಡಿ ಎದ್ದು, ನಡುವೆ ಅದೊಂದು ಬಾಯಲ್ಲಿ ಬೀಳದೆ ಉಳಿದ ಹಲ್ಲಿನ ಹಾಗೆ. ನಮ್ಮ ಮನೆ, ಆಪಾಳ ಮನೆ ಎರಡೂ ಹೋಗಿ ಆ ಜಾಗದಲ್ಲಿ ಸ್ಕೂಟರುಗಳು ನಿಂತಿದ್ದವು. ಪಾಟಿ ಹೋಗಿ ಬಹಳ ವರ್ಷವಾಯಿತು. ಪಾಟಿಯ ಸೊಸೆ ಬಾಗಿಲು ತೆರೆದು ನಮ್ಮನ್ನು ನೋಡಿ, ಆಪಾಳ ಗಲ್ಲ ಹಿಡಿದು ಅಲುಗಾಡಿಸಿದರು. ನನ್ನನ್ನು ಗುರುತು ಹಿಡಿಯಲು ಸ್ವಲ್ಪ ಹೊತ್ತು ಬೇಕಾಯಿತು.

ಆಪಾ ಹೊರಮಾವಿನಿಂದ ಮೊಮ್ಮಗಳನ್ನೂ ಕರೆತಂದಿದ್ದಳು. ಆರನೇ ಕ್ಲಾಸು, ದಪ್ಪ ಕನ್ನಡಕ, ನ್ಯಾಯಾಧೀಶರ ಮುಖ.

ಹಿತ್ತಲಲ್ಲಿ ಏಣಿ ಹಾಗೇ ಇತ್ತು. ನನಗೆ ಗೊತ್ತಿದ್ದ ಏಣಿಗಿಂತ ಗಿಡ್ಡ, ಆದರೆ ಅದೇ. ಪಾಟಿಯ ಸೊಸೆ ಕೊಟ್ಟ ಕಾಫಿ ಕುಡಿಯುತ್ತ ನಾವು ಅದರ ಮುಂದೆ ನಿಂತೆವು. ಅದನ್ನು ನೋಡುತ್ತ ನನಗೆ ಕನಿಕರ ಬಂತು. ಪ್ರತಿ ಭಾನುವಾರ ನಾವೆಲ್ಲ ಕೆಳಗೆ, ಇವಳೊಬ್ಬಳು ಮೇಲೆ.

"ಪಾಪ ಆಪಾ, ಒಂದು ಸಿನಿಮಾನೂ ಪೂರ್ತಿ ನೋಡಿಲ್ಲ ಅಲ್ವಾ ನೀನು?"

ಆಪಾ ಲೋಟ ಕೆಳಗಿಟ್ಟಳು. "ನೀನು ಏನೇನು ಬರ್ದಿದ್ದೀಯ ನೆನಪಿದ್ಯಾ? ಗಾಳಿಗೆ ಆಂಟೆನಾ ತಿರುಗ್ತಿತ್ತು, ಕಾಗೆ ಕೂತು ಅಲ್ಲಾಡಿಸ್ತಿತ್ತು, ಆ ಕಾಲದ ಸಿಗ್ನಲ್ಲೇ ಹಾಗಿತ್ತು. ಗಾಳಿನೂ ಅಲ್ಲ, ಕಾಗೆನೂ ಅಲ್ಲ. ನಾನು."

"ಅಂದ್ರೆ?"

"ಚಿತ್ರ ಬಂದ ತಕ್ಷಣ 'ಬಂತು, ಇಳಿ ಆಪಾ' ಅಂತ ಕೂಗ್ತಿದ್ದೆ ನೀನು. ಇಳಿದ್ರೆ ಏನಿದೆ? ಸಣ್ಣವನು ಸೊಂಟದ ಮೇಲೆ, ಅವನಿಗಿಂತ ದೊಡ್ಡವಳು ಕಾಲಿಗೆ. ಹುಟ್ಟಿದಾಗಿಂದ ನನ್ನ ಸೊಂಟ ಖಾಲಿ ಇದ್ದಿದ್ದೇ ಇಲ್ಲ. ಏಣಿ ಮೇಲೆ ಮಗು ಎತ್ಕೊಂಡು ಹೋಗಕ್ಕಾಗಲ್ವಲ್ಲ. ಅದಕ್ಕೆ ನೀನು ಇಳಿ ಅಂದ ಕೂಡ್ಲೆ ಪೈಪು ಒಂದು ಚೂರು ಹಿಂದಕ್ಕೆ ತಿರುಗಿಸ್ತಿದ್ದೆ. 'ಹೋಯ್ತು' ಅಂತಿದ್ದೆ ನೀನು. ಇನ್ನೊಂದು ಹತ್ತು ನಿಮಿಷ ಸಿಗ್ತಿತ್ತು ನಂಗೆ."

ಪಾಟಿಯ ಸೊಸೆ ನಕ್ಕು ನಕ್ಕು ಗೋಡೆಗೆ ಒರಗಿದರು. "ಅತ್ತೆ ಆ ಟೀವಿನ ಮೂರು ಸಲ ರಿಪೇರಿಗೆ ಕಳ್ಸಿದ್ರು ಕಣಮ್ಮ."

"ಗೊತ್ತು. ಅಲ್ಲಾ ಮಾಫ್ ಮಾಡ್ಲಿ."

"ಹತ್ತು ನಿಮಿಷ ಮೇಲೆ ಏನ್ ಮಾಡ್ತಿದ್ರಿ ದಾದಿ?" ಮೊಮ್ಮಗಳು ಕೇಳಿದಳು.

"ಏನೂ ಇಲ್ಲ ಬೇಟಾ. ಬೆಚ್ಚಗಿನ ಸಿಮೆಂಟ್ ಮೇಲೆ ಮಲಗ್ತಿದ್ದೆ. ಹುಣಸೆಹಣ್ಣು ಚೀಪ್ತಿದ್ದೆ. ಆಮೇಲೆ, ಭಾನುವಾರ ಸಾಯಂಕಾಲ ಎಲ್ಲಾ ತಾರಸಿ ಮೇಲೂ ಒಬ್ಬೊಬ್ರು ಇರ್ತಿದ್ರು, ಪೈಪು ಹಿಡ್ಕೊಂಡು. ಆ ಕಡೆ ಬೀದೀಲಿ ಒಬ್ಳು ಹುಡುಗಿ ಕೆಂಪು ರಿಬ್ಬನ್ ಹಾಕ್ಕೊಂಡು ಬರ್ತಿದ್ಳು. ಹೆಸರು ಗೊತ್ತಿಲ್ಲ. ಅವಳು ಕೈ ಬೀಸ್ತಿದ್ಳು, ನಾನೂ ಬೀಸ್ತಿದ್ದೆ. ಅವಳೂ ಬೇಗ ಇಳೀತಿರ್ಲಿಲ್ಲ."

ಆ ಕಾಲದ ಸಿಗ್ನಲ್ ಬಗ್ಗೆ, ಚುಕ್ಕೆಗಳ ಬಗ್ಗೆ, ಅರ್ಧಂಬರ್ಧ ಕಂಡದ್ದರ ಸೊಗಸಿನ ಬಗ್ಗೆ ನಾನು ಬರೆದ ಅರ್ಧ ಪುಟ ಅಲ್ಲೇ ಬಿದ್ದುಹೋಯಿತು. ನಮ್ಮ ಬೀದಿಯ ಎಷ್ಟು ಚುಕ್ಕೆ ಆಕಾಶದವು, ಎಷ್ಟು ಆ ಹುಡುಗಿಯರವು, ಈಗ ಯಾರು ಹೇಳುತ್ತಾರೆ?

ಆದರೂ ನನ್ನೊಳಗೆ ಒಬ್ಬ ಹಟಮಾರಿ ಇದ್ದ. ತಣ್ಣಗಿನ ಕಬ್ಬಿಣ ಅಂಗೈಯಲ್ಲಿತ್ತಲ್ಲ, ಅದೆಲ್ಲಿಂದ ಬಂತು? ಚಪ್ಪಲಿ ಬಿಟ್ಟು ಏಣಿ ಹತ್ತಲು ಹೋದೆ. ಒಂದು, ಎರಡು, ಮೂರು. ನಾಲ್ಕನೆಯ ಮೆಟ್ಟಿಲಿಗೆ ಮೊಣಕಾಲು ನಡುಗತೊಡಗಿತು. ನೆಲ ನನ್ನಿಂದ ಒಂದಾಳು ದೂರವೂ ಇರಲಿಲ್ಲ. ಕಾಲು ಮೇಲೆ ಹೋಗಲಿಲ್ಲ, ಕೆಳಗೂ ಬರಲೊಲ್ಲದು.

"ಹಿಂದೆ ನೋಡ್ಬೇಡಿ ಅಂಕಲ್," ಎಂದಳು ಮೊಮ್ಮಗಳು, ತೀರ್ಪು ಕೊಟ್ಟ ಹಾಗೆ.

ಆಪಾ ನನ್ನ ಸೊಂಟ ಹಿಡಿದು ಇಳಿಸಿದಳು. ಆಮೇಲೆ ಬುರ್ಖಾ ತೆಗೆದು ಮೊಮ್ಮಗಳ ಕೈಗೆ ಕೊಟ್ಟು, ದುಪಟ್ಟಾವನ್ನು ಸೊಂಟಕ್ಕೆ ಬಿಗಿದಳು.

"ನಿನ್ನ ಮಂಡಿ?" ಅಂದೆ.

"ಮಂಡಿ ನೋಯೋದು ಇಳಿಯೋವಾಗ. ನಮ್ಮ ಅಪಾರ್ಟ್‌ಮೆಂಟಲ್ಲಿ ತಾರಸಿಗೆ ಬೀಗ ಹಾಕಿದ್ದಾರೆ, ಗೊತ್ತಾ? ಅಸೋಸಿಯೇಷನ್ ಅವರು. ಒಂದು ಸಲನೂ ಹತ್ತಿಲ್ಲ. ಹಿಡ್ಕೋ, ಬಿಡ್ಬೇಡ."

ನಾನು ಹಿಡಿದುಕೊಂಡೆ. ಹಿಂಗೋಡೆಯ ನೆರಳಲ್ಲಿ ಇಡೀ ದಿನ ನಿಂತಿದ್ದ ಏಣಿ. ತಣ್ಣಗೆ, ತುಕ್ಕು ತುಕ್ಕಾಗಿ. ಅಂಗೈಗೆ ಅದು ಎಷ್ಟು ಸರಿಯಾಗಿ ಕೂತಿತೆಂದರೆ ನಾನು ಒಮ್ಮೆ ಕೈ ಬಿಟ್ಟು ಮತ್ತೆ ಹಿಡಿದು ನೋಡಿದೆ.

"ಬಿಡ್ಬೇಡ ಅಂದ್ನಲ್ಲ," ಮೇಲಿನಿಂದ ಆಪಾ ಗದರಿದಳು.

ಹೀಗೆ ಎಲ್ಲವೂ ಅಂದವಾಗಿ ಕೂಡಿಬಂದಾಗ ನನಗೆ ಭಯವಾಗುತ್ತದೆ. ಪೈಪಲ್ಲ, ಏಣಿ; ಹತ್ತಿದವನಲ್ಲ, ಹಿಡಿದುಕೊಂಡವನು. ಇದನ್ನೂ ನಾನು ಈ ಶನಿವಾರ ನನ್ನ ಅನುಕೂಲಕ್ಕೆ ಹೊಸೆದುಕೊಂಡಿರಬಹುದು. ಇರಲಿ. ನಡುಗಿದ ಕಾಲನ್ನು ನಾನು ಹೊಸೆಯಲಿಲ್ಲ, ಅದಕ್ಕೆ ಸಾಕ್ಷಿಗಳಿದ್ದಾರೆ.

ಆಪಾ ಮೇಲೆ ಹೋದಳು. ಅವಳ ಬರಿಗಾಲು ಅಂಚು ದಾಟಿ ಮರೆಯಾಯಿತು. ನಾನು ಚೀಲದಿಂದ ಕರಡು ತೆಗೆದೆ. ಏಣಿಯ ಪಟ್ಟಿಗೆ ಒತ್ತಿ ಹಿಡಿದು, ಪೆನ್ಸಿಲಿನಲ್ಲಿ 'ನನ್ನದಾಗಿತ್ತು' ಹೊಡೆದುಹಾಕಿ 'ಆಪಾಳದಾಗಿತ್ತು' ಎಂದು ಬರೆದೆ. 'ತಣ್ಣಗಿನ' ಅಳಿಸಿ ಪೈಪಿಗೆ ಬಿಸಿ ಕೊಟ್ಟೆ. ಗಾಳಿ, ಕಾಗೆ, ಅರ್ಧ ಪುಟದ ಮೇಲೆ ಅಡ್ಡಗೆರೆ ಎಳೆದೆ. ಮೊಮ್ಮಗಳು ನನ್ನ ಮೊಣಕೈ ಪಕ್ಕ ನಿಂತು ಓದುತ್ತಿದ್ದಳು.

"ಪ್ರಿಂಟಲ್ಲೂ ಹೀಗೇ ಬರತ್ತಾ?"

"ಹೀಗೇ ಬರತ್ತೆ."

"ದಾದಿ ಸುಳ್ಳು ಹೇಳಿಲ್ಲ ಅಂತಾನೂ ಹಾಕಿ."

"ಕೆರೆ ವಿಷಯದಲ್ಲಿ ಹೇಳಿದ್ದಾಳಲ್ಲ?"

ಅವಳು ಕನ್ನಡಕ ಸರಿಮಾಡಿಕೊಂಡು ಯೋಚಿಸಿದಳು. "ಹಾಗಾದ್ರೆ ಅದನ್ನೂ ಹಾಕಿ."

ಕೆರೆಯ ಸಾಲಿನ ಮೇಲೆ ಪೆನ್ಸಿಲು ನಿಂತಿತು. ಅಷ್ಟರಲ್ಲಿ ಮೇಲಿನಿಂದ ದನಿ.

"ತೆಂಗಿನ ಮರ ಕಡ್ದುಬಿಟ್ಟಿದ್ದಾರೆ ಕಣೋ. ಕೆರೆ ಕಾಣ್ತಿದೆ."

ನಾನೂ ಮೊಮ್ಮಗಳೂ ಮುಖ ಮುಖ ನೋಡಿಕೊಂಡೆವು. ಆ ಕಡೆಗೆಲ್ಲ ನಾಲ್ಕು ಮಹಡಿಯ ಮನೆಗಳು. "ನಿಜವಾಗ್ಲೂ ದಾದಿ?" ಎಂದಳು ಅವಳು.

"ದೋಣಿನೂ ಇದೆ."

ಆ ಸಾಲನ್ನು ನಾನು ಹೊಡೆದುಹಾಕಲಿಲ್ಲ. 'ಹಲಸೂರು ಕೆರೆ' ಎಂಬುದಕ್ಕೆ ಮೊದಲು 'ಆಪಾ ಹೇಳಿದ' ಎಂದು ಸೇರಿಸಿದೆ.

ಆಪಾ ಮತ್ತೆ ಸಿಮೆಂಟಿನ ಮೇಲೆ ಮಲಗಿದ್ದಳೋ ಏನೋ. ಕಾಫಿಯ ಲೋಟ ಒಳಗಿಟ್ಟು ಪಾಟಿಯ ಸೊಸೆ ಕಿಟಕಿಯಲ್ಲಿ ಬಂದು ನಿಂತರು. ಆಗ ಆಪಾಳ ದನಿ ಮತ್ತೆ ಬಂತು, ಈ ಸಲ ಬೇರೆ ದನಿ, ಹನ್ನೆರಡು ವರ್ಷದ್ದು.

"ಬಂತಾ?"

ಹೇಳಬೇಕಾದ ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಬಂತು, ಇಳಿ ಆಪಾ.

"ಇಲ್ಲ," ಎಂದು ಕೂಗಿದೆ. "ಬರೀ ಚುಕ್ಕೆ. ಇನ್ನೂ ಸ್ವಲ್ಪ ತಿರುಗ್ಸು."