ಲಾಡಿಯಿಲ್ಲದ ಪೈಜಾಮ ಹೊಲಿಯುವ ಮೂಸಾಕ

ದುಬೈಯ ದೇರಾದ ಗಲ್ಲಿಯಲ್ಲಿ ಬೆಳಗಿನ ನಮಾಜು ಮುಗಿಸಿದವರು ಇನ್ನೂ ಚಹಾದಂಗಡಿಯಲ್ಲಿದ್ದಾರೆ. ಟೈಲರ್ ಮೂಸಬ್ಬ ಆಗಲೇ ಮಷಿನಿನ ಮುಂದೆ ಕೂತು ಪೈಜಾಮದ ಸೊಂಟಕ್ಕೆ ಇಲಾಸ್ಟಿಕ್ ಹಾಕುತ್ತಿದ್ದಾರೆ. ಜೈಲಿನೊಳಗೆ ಲಾಡಿ ಬಿಡುವುದಿಲ್ಲ, ಯಾರಾದರೂ ಕುತ್ತಿಗೆಗೆ ಬಿಗಿದುಕೊಂಡಾರು ಎಂಬ ಭಯ. ಇವತ್ತು ಶುಕ್ರವಾರ, ಅಂಗಡಿಗೆ ರಜೆ. ಅಬುಧಾಬಿಯ ಜೈಲಿನಲ್ಲಿರುವ ಊರ ಕಡೆಯ ಕೈದಿಗಳ ಬಟ್ಟೆ ಚೀಲಕ್ಕೆ ತುಂಬಿಕೊಂಡು ಅವರು ಅಲ್ಲಿಯ ಬಸ್ಸು ಹಿಡಿಯಬೇಕು.

ಉಪ್ಪಿನಂಗಡಿ ಕಡೆಯ ಈ ಹಿರಿಯರು ಎಲ್ಲರ ಬಾಯಲ್ಲೂ ಮೂಸಾಕ. ಈ ಕೆಲಸಕ್ಕೆ ಹಚ್ಚಿದ್ದು ತಂಗಿ ಆಮಿನಳ ಮಗ ಸಫೀರ್. ಹತ್ತು ಮಂದಿ ಮಲಗುವ ಕೋಣೆಯಲ್ಲಿ ಒಂದು ಜಗಳ, ಸಫೀರನ ಒಂದೇ ಏಟು, ಒಬ್ಬನ ಸಾವು. ಶಿಕ್ಷೆ ಮುಗಿಯುವಷ್ಟರಲ್ಲಿ ಅವನ ತಲೆ ನರೆತಿರುತ್ತದೆ.

"ವೀಸಾ ಕೊಡಿಸಿ ಕರೆಸಿದ್ದು ನಾನೇ ಅಲ್ವಾ?" ಎನ್ನುತ್ತಾರೆ ಮೂಸಾಕ. "ಗಾಜಿನ ಆಚೆ ಅವ, ಈಚೆ ನಾನು. ಟೇಪು ಹಿಡಿಯುವ ಹಾಗಿಲ್ಲ, ಕಣ್ಣಲ್ಲೇ ಅಳತೆ. ಸೊಂಟ ಸಣ್ಣ ಆಗ್ತಾ ಉಂಟು."

ಊರಲ್ಲಿ ಆಮಿನಳ ಕಣ್ಣು ದಿನೇ ದಿನೇ ಮಂಜಾಗುತ್ತಿದೆ. ಫೋನಿನಲ್ಲಿ ಅಣ್ಣನಿಗೆ ಅವಳದು ಒಂದೇ ಮಾತು: "ಕಣ್ಣಿರುವಾಗ ಮಗನ ಮುಖ ತೋರಿಸಿ ಕಾಕ."

ಅದಕ್ಕಾಗಿಯೇ ಕಳೆದ ವರ್ಷ, ೨೦೦೩ರಲ್ಲಿ, ಊದ್ ಮೇಥಾ ಬಡಾವಣೆಯ ಅಕೌಂಟೆಂಟ್ ಸರ್ವೋತ್ತಮ ಒಂದು ಅರ್ಜಿ ಬರೆದುಕೊಟ್ಟರು: ಸಫೀರನನ್ನು ಊರಿನ ಜೈಲಿಗೆ ಕಳಿಸಿ, ಉಳಿದ ಶಿಕ್ಷೆ ಅಲ್ಲೇ ಅನುಭವಿಸಲಿ. ಜೊತೆಗೊಂದು ಹೋಲಿಕೆ. ಅಲ್ಲಿನ ಜೈಲಲ್ಲಿ ಎಷ್ಟು ಜನ, ಇಲ್ಲಿ ಎಷ್ಟು, ಒಬ್ಬ ಕೈದಿಗೆ ಅಲ್ಲಿನ ಸರ್ಕಾರದ ಖರ್ಚೆಷ್ಟು, ಇಲ್ಲಿಯದೆಷ್ಟು. ಇಲ್ಲಿನ ಖರ್ಚೇ ಹಲವು ಪಟ್ಟು ಜಾಸ್ತಿ, ಅದು ಇಲ್ಲಿನ ಸರ್ಕಾರಕ್ಕೆ ಉಳಿಯುತ್ತದೆಂದರೆ ಯಾರು ಬೇಡವೆನ್ನುತ್ತಾರೆ ಎಂಬ ಧೈರ್ಯ ಅವರದು.

ವಿಚಾರಿಸಲು ಊರಿನ ಸರ್ಕಾರದ ಕಡೆಯಿಂದ ಅಧಿಕಾರಿಯೊಬ್ಬರು ಬಂದರು. ಹುಡುಗ ಹೇಗಿದ್ದಾನೆಂದು ಮೂಸಾಕರನ್ನೇ ಕೇಳಿದರು. ಗಲ್ಫಿನವರ ಬಾಯಿಗೆ ಒಂದು ಉತ್ತರ ಅಂಟಿಕೊಂಡಿರುತ್ತದೆ. ಕೋಣೆಯಲ್ಲಿ ಮಗ್ಗುಲು ಬದಲಿಸಲು ಜಾಗವಿಲ್ಲದಿದ್ದರೂ ಊರಿಗೆ ಹೇಳುವುದು ಸುಖವೆಂದೇ. ಕೇಳಿದವರು ಊರಿನವರು, ಅಭ್ಯಾಸಬಲದಿಂದ ಅದೇ ಉತ್ತರ ಬಂದುಬಿಟ್ಟಿತು: "ಸುಖದಲ್ಲಿದ್ದಾನೆ ಸರ್. ಏಸಿ ಉಂಟು, ಕೋಳಿ ಕೊಡ್ತಾರೆ. ಎಂತ ತೊಂದರೆಯೂ ಇಲ್ಲ."

ಅಧಿಕಾರಿ ಹೋಲಿಕೆಯ ಹಾಳೆ ನೋಡಿದರು. ಊರಿನ ಜೈಲು ತುಂಬಿ ತುಳುಕುತ್ತಿದೆ, ಇಲ್ಲಿ ಹುಡುಗ ಸುಖದಲ್ಲಿದ್ದಾನೆ, ಮತ್ತೇಕೆ ಅಲ್ಲಿಗೆ? ಅರ್ಜಿ ಅಲ್ಲಿಗೇ ಖಲಾಸ್. ಎಂಥ ಅನ್ಯಾಯ! ಮಗ ಸುಖದಲ್ಲಿದ್ದಾನೆಂಬ ಕಾರಣಕ್ಕೇ ತಾಯಿಗೆ ಅವನ ಮುಖ ಇಲ್ಲವಾಯಿತು.

"ತಪ್ಪು ನನ್ನ ಲೆಕ್ಕದ್ದು ಮೂಸಾಕ, ನಿಮ್ಮದಲ್ಲ" ಎಂದು ಸರ್ವೋತ್ತಮ ಎಷ್ಟು ಹೇಳಿದರೂ ಅವರು ಒಪ್ಪುವುದಿಲ್ಲ.

ಮೂಸಾಕ ಚೀಲದ ಬಾಯಿ ಕಟ್ಟುತ್ತಾರೆ. ಅವರಿಗೀಗ ಏನಾಸೆ? "ಊರಿನ ಜೈಲಲ್ಲಿ ಕಾಲು ಚಾಚ್ಲಿಕ್ಕೆ ಜಾಗ ಇಲ್ಲಂತೆ. ಜಾಗ ಇಲ್ಲದಿದ್ರೂ ಅಡ್ಡಿ ಇಲ್ಲ ಮಾರಾಯ್ರೆ. ಅವನ ಉಮ್ಮ ಬಸ್ಸಿನಲ್ಲಿ ಹೋಗಿ ನೋಡಿ ಬರಬಹುದಿತ್ತು."

ಬಾಗಿಲಿಗೆ ಬೀಗ ಹಾಕಿ, ಚೀಲ ಹೆಗಲಿಗೇರಿಸುತ್ತಾರೆ.

"ಉಮ್ಮ ಹೇಗಿದ್ದಾರೆ ಮಾಮ ಅಂತ ಇವತ್ತೂ ಕೇಳ್ತಾನೆ. ಸುಖದಲ್ಲಿದ್ದಾಳೆ ಅಂತಲೇ ಹೇಳ್ತೇನೆ. ಬೇರೆ ಹೇಳ್ಲಿಕ್ಕೆ ಈ ಬಾಯಿಗೆ ಬರುದಿಲ್ಲ."