ವಿಮರ್ಶಕರ ಪ್ರಶಸ್ತಿಗೆ ನಾನು ಹಾಕಿದ ಮತ

ಜಿಗಣಿಯ ಒಂದು ನೀರಿನ ಪಂಪ್ ಕಾರ್ಖಾನೆಯ ಕ್ವಾಲಿಟಿ ವಿಭಾಗದಲ್ಲಿ ನನಗೆ ಕೆಲಸ. ಎರಕ ಹೊಯ್ದು ಬಂದ ಲೋಹದ ಭಾಗಗಳನ್ನು ತಿರುಗಿಸಿ ನೋಡಿ ಬಿರುಕು ಹುಡುಕಬೇಕು. ವಾರವೆಲ್ಲ ಬೇರೆಯವರು ಮಾಡಿದ್ದರಲ್ಲಿ ತಪ್ಪು ಹುಡುಕಿ ಸಂಬಳ ಪಡೆಯುವ ನಾನು ಭಾನುವಾರ ಅದೇ ಕೆಲಸವನ್ನು ಪುಕ್ಕಟೆಯಾಗಿ ಮಾಡುತ್ತೇನೆ. ಅದಕ್ಕೆ ಸಿನಿಮಾ ವಿಮರ್ಶೆ ಎಂದು ಹೆಸರು. ಒಂದು ಪುಟ್ಟ ಕನ್ನಡ ಜಾಲತಾಣದಲ್ಲಿ ಆರು ವರ್ಷಗಳಿಂದ ಬರೆಯುತ್ತಿದ್ದೇನೆ. ಓದುಗರಲ್ಲಿ ಅರ್ಧದಷ್ಟು ನಮ್ಮ ಕಾರ್ಖಾನೆಯವರು, ಉಳಿದವರು ನನ್ನನ್ನು ಬೈಯಲೆಂದೇ ಬರುವ ನಾಯಕನಟರ ಅಭಿಮಾನಿಗಳು.

ವಿಮರ್ಶೆಗಿಂತ ಹೆಚ್ಚು ಜನ ಓದುತ್ತಿದ್ದದ್ದು ವರ್ಷಕ್ಕೊಮ್ಮೆ ನಾನು ಬರೆಯುತ್ತಿದ್ದ ಪ್ರಶಸ್ತಿ ಭವಿಷ್ಯವನ್ನು. ಚಳಿಗಾಲದಲ್ಲಿ ಮೊದಲು ವಿಮರ್ಶಕರ ಪ್ರಶಸ್ತಿ ಬರುತ್ತದೆ. ಅದರ ಹಿಂದೆಯೇ ಟೀವಿಯಲ್ಲಿ ನಾಲ್ಕು ಗಂಟೆ ಕುಣಿದು ಕುಪ್ಪಳಿಸಿ ಕೊಡುವ ದೊಡ್ಡ ಪ್ರಶಸ್ತಿಗಳು ಬರುತ್ತವೆ. ವಿಮರ್ಶಕರು ಯಾರ ಕಡೆ ವಾಲುತ್ತಾರೆ, ಅವರ ಹಿಂದೆ ದೊಡ್ಡವರು ಯಾರ ಕಡೆ ವಾಲುತ್ತಾರೆ ಎಂದು ಮೊದಲೇ ಹೇಳುವುದು ಒಂದು ಹುಚ್ಚು. ನಾನು ಚಿತ್ರಕಥೆ, ಛಾಯಾಗ್ರಹಣ, ಅಭಿನಯ ಎಂದೆಲ್ಲ ತೂಗಿ ನಾಲ್ಕು ಪುಟ ಬರೆಯುತ್ತಿದ್ದೆ. ಎಂಟು ವಿಭಾಗಗಳಲ್ಲಿ ಒಂದು ಸರಿಯಾಗುತ್ತಿತ್ತು. ಅದೂ ಶಬ್ದಗ್ರಹಣದ್ದು. ಅಲ್ಲಿ ಕಣದಲ್ಲಿರುತ್ತಿದ್ದದ್ದೇ ಇಬ್ಬರು.

ನನ್ನ ಮನೆ ಮಾಲೀಕರನ್ನು ನಾನು ಅಕ್ಕ ಎಂದೇ ಕರೆಯುವುದು. ಅರವತ್ತು ದಾಟಿದ ಹೆಂಗಸು. ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ಮೂರು ಅಂತಸ್ತಿನ ಬಾಡಿಗೆ ಕಟ್ಟಡವಿದೆ. ಹಿಂದೆ ಹತ್ತು ವರ್ಷ ಊರಿನ ಡೈರಿಯಲ್ಲಿ ನಿರ್ದೇಶಕಿಯಾಗಿದ್ದವರು. ಒಂದು ಭಾನುವಾರ ಬೆಳಿಗ್ಗೆ ತಾರಸಿಯ ಮೇಲೆ ಅವರು ಅವರೆಕಾಯಿ ಸುಲಿಯುತ್ತಿದ್ದಾಗ ನಾನು ಪಕ್ಕದಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಭವಿಷ್ಯ ಬರೆಯುತ್ತಿದ್ದೆ. ಏನು ಬರೆಯುತ್ತಿದ್ದೀಯ ಎಂದು ಕೇಳಿದರು. ಹೇಳಿದೆ.

"ಯಾರ್ಯಾರು ನಿಂತವ್ರೆ?"

ಇದು ಚುನಾವಣೆಯಲ್ಲ, ಕಲೆಯ ಮೌಲ್ಯಮಾಪನ ಎಂದು ತಿದ್ದಿದೆ. ಹಾಗಾದರೆ ಹೇಗೆ ತೀರ್ಮಾನ ಮಾಡುತ್ತಾರೆ ಎಂದರು. ಚೀಟಿಯಲ್ಲಿ ಬರೆದು ಹಾಕುತ್ತಾರೆ ಎಂದೆ.

"ಅಂಗಾದ್ರೆ ಎಲೆಕ್ಸನ್ನೇ ಕಣವ್ವ," ಎಂದು ಒಂದು ಹಿಡಿ ಅವರೆಕಾಯಿ ನನ್ನ ಮುಂದೆಯೂ ಹಾಕಿದರು.

ಆಮೇಲೆ ಒಂದೊಂದು ವಿಭಾಗಕ್ಕೂ ಮೂರೇ ಪ್ರಶ್ನೆ. ಇವರಲ್ಲಿ ಯಾರಿಗೆ ಹೋದ ಸಲ ತಪ್ಪಿತ್ತು? ಯಾರಿಗೆ ವಯಸ್ಸಾಯಿತು? ಮದುವೆ ಮುಂಜಿಗೆ ಎಲ್ಲರನ್ನೂ ಕರೆಯುವವರು ಯಾರು? ಯಾವ ಸಿನಿಮಾವನ್ನೂ ನೋಡಿರದ ಅಕ್ಕ ಎಂಟು ಹೆಸರು ಹೇಳಿದರು. ತಮಾಷೆಗೆಂದು ಅವನ್ನು ಲೇಖನದ ಕೊನೆಯಲ್ಲಿ 'ನಮ್ಮ ಮನೆ ಮಾಲೀಕರ ಪಟ್ಟಿ' ಎಂದು ಸೇರಿಸಿದೆ. ಏಳು ಸರಿಯಾದವು. ತಪ್ಪಿದ್ದು ಶಬ್ದಗ್ರಹಣ ಒಂದೇ. ಕಾರ್ಖಾನೆಯ ಕ್ಯಾಂಟೀನಿನಲ್ಲಿ ಜನ ನನ್ನನ್ನು ಬಿಟ್ಟು ಅಕ್ಕನ ಬಗ್ಗೆ ವಿಚಾರಿಸತೊಡಗಿದರು.

ಮರುವರ್ಷ ವಿಮರ್ಶಕರ ಕೂಟದ ಕಾರ್ಯದರ್ಶಿ ಫೋನ್ ಮಾಡಿದರು. ತೀರ್ಪುಗಾರರೆಲ್ಲ ಊರ ನಡುವಿನವರೇ ಆಗಿಬಿಟ್ಟಿದ್ದಾರೆ ಎಂದು ಯಾರೋ ದೂರಿದ್ದರಂತೆ, ಈ ಸಲ ಹೊರವಲಯದ ಧ್ವನಿಯೊಂದು ಬೇಕಂತೆ. ಜಿಗಣಿ ಸಾಕಷ್ಟು ಹೊರಗಿದೆಯಲ್ಲವೇ ಎಂದು ಕೇಳಿದರು. ಕಂಪನಿ ಬಸ್ಸಿನಲ್ಲಿ ದಿನಾ ಹೋಗಿಬರುವ ನನಗಿಂತ ಚೆನ್ನಾಗಿ ಅದನ್ನು ಯಾರು ಹೇಳಬಲ್ಲರು? ಒಪ್ಪಿಕೊಂಡೆ. ಫೋನಿಟ್ಟ ಮೇಲೆ ಕನ್ನಡಿಯ ಮುಂದೆ ನಿಂತು ತೀರ್ಪುಗಾರಳ ಮುಖ ಹೇಗಿರಬೇಕೆಂದು ಅಭ್ಯಾಸ ಮಾಡಿದ್ದೂ ನಿಜ.

ಆ ವರ್ಷ ಎಲ್ಲರ ಬಾಯಲ್ಲಿದ್ದದ್ದು ಒಂದು ದೊಡ್ಡ ಸಿನಿಮಾ. ಮೂರು ಗಂಟೆಯ ಯುದ್ಧ, ಐದು ಸಾವಿರ ಕುದುರೆ, ಕುದುರೆಗಳಿಗಿಂತ ಹೆಚ್ಚು ಕೆನೆಯುವ ನಾಯಕ. ನಾನು ಅದರ ಮಧ್ಯಂತರದಲ್ಲಿ ಪಾಪ್‌ಕಾರ್ನ್ ತರಲು ಹೋದವಳು ಬೇಕೆಂದೇ ಉದ್ದನೆಯ ಸಾಲಿನಲ್ಲಿ ನಿಂತಿದ್ದೆ. ನನಗೆ ಹಿಡಿಸಿದ್ದು ಬೇರೆ. ಅಪಾರ್ಟ್‌ಮೆಂಟ್ ಗೇಟಿನ ಪಕ್ಕ ತಳ್ಳುಗಾಡಿಯಲ್ಲಿ ಇಸ್ತ್ರಿ ಮಾಡುವ ಹೆಂಗಸೊಬ್ಬಳ ಒಂದು ದಿನದ ಕಥೆ. ಹೊಸ ನಿರ್ದೇಶಕಿ, ಹೊಸ ನಟಿ. ಬ್ರೂಕ್‌ಫೀಲ್ಡಿನ ಒಂದು ಮಾಲ್‌ನಲ್ಲಿ ಬೆಳಗಿನ ಆಟ ಮಾತ್ರ ಇತ್ತು. ನಾನು ಎರಡನೇ ಸಲ ನೋಡಲು ಹೋಗುವಾಗ ಅಕ್ಕನನ್ನೂ ಕರೆದುಕೊಂಡು ಹೋದೆ. ನಮ್ಮನ್ನು ಸೇರಿಸಿ ಏಳು ಜನರಿದ್ದೆವು.

ವಾಪಸ್ ಬರುವಾಗ ಸಿಗ್ನಲ್‌ನಲ್ಲಿ ಕ್ಯಾಬ್ ನಿಂತಾಗ ಅಕ್ಕ ಕಿಟಕಿಯ ಆಚೆ ನೋಡುತ್ತ ಹೇಳಿದರು: "ಇಷ್ಟು ವರ್ಸ ಸೀರೆ ಇಸ್ತ್ರಿಗೆ ಕೊಟ್ಟಿವ್ನಿ. ಆಯಮ್ಮನ ಮಖ ಎಂಗೈತೆ ಅಂತ ನೋಡೇ ಇಲ್ವಲ್ಲವ್ವ."

ನನ್ನ ಕಣ್ಣು ತುಂಬಿತು. ಆರು ವರ್ಷದ ನನ್ನ ವಿಮರ್ಶೆಗಳಲ್ಲಿ ಅಂಥ ಒಂದು ಸಾಲಿರಲಿಲ್ಲ. ಹಾಗಾದರೆ ಪ್ರಶಸ್ತಿ ಇದಕ್ಕೇ ಅಲ್ಲವೇ ಎಂದು ಕೇಳಿದೆ. ಅಕ್ಕ ತಲೆಯಾಡಿಸಿದರು. ಕುದುರೆ ಸಿನಿಮಾಕ್ಕೆ ಬರುತ್ತದೆ, ಇದಕ್ಕಾಗಿ ಯಾರು ಓಡಾಡುತ್ತಾರೆ ಎಂದರು. ನಾನು ಆ ವಾರದ ಭವಿಷ್ಯದಲ್ಲಿ, ಅತ್ಯುತ್ತಮ ಚಿತ್ರದ ಮುಂದೆ, ಮನಸ್ಸಿಲ್ಲದಿದ್ದರೂ ಕುದುರೆಗಳ ಹೆಸರನ್ನೇ ಬರೆದೆ. ತೀರ್ಪುಗಾರಳಾದ ಮೇಲೆ ಭವಿಷ್ಯ ಬರೆಯಬಾರದೆಂಬುದು ನನಗೆ ಆಗ ಹೊಳೆಯಲೇ ಇಲ್ಲ.

ವೈಟ್‌ಫೀಲ್ಡಿನ ಒಂದು ಹೋಟೆಲಿನ ಸಭಾಂಗಣದಲ್ಲಿ ಭಾನುವಾರ ಹನ್ನೊಂದಕ್ಕೆ ಸೇರಿದೆವು. ಒಂಬತ್ತು ಜನ. ನನ್ನ ಎದುರು ಕೂತವರು ಎಪ್ಪತ್ತರ ಆಸುಪಾಸಿನ ಹಿರಿಯ ವಿಮರ್ಶಕರು. ಸಿನಿಮಾ ಶುರುವಾದ ಹತ್ತು ನಿಮಿಷಕ್ಕೆ ಗೊರಕೆ ಹೊಡೆಯುತ್ತಾರೆಂದು ಅವರಿಗೆ ಖ್ಯಾತಿ. ಚರ್ಚೆ ನಡೆದಾಗಲೂ ಕಣ್ಣು ಮುಚ್ಚಿದ್ದರು. ಚರ್ಚೆ ಎಂದರೆ, ಎಲ್ಲರೂ ಕುದುರೆ ಸಿನಿಮಾದ 'ಪ್ರಮಾಣ', 'ಮಹತ್ವಾಕಾಂಕ್ಷೆ' ಮುಂತಾದವನ್ನು ಹೊಗಳಿದರು. ಅದನ್ನು ಇಷ್ಟಪಟ್ಟೆ ಎಂದು ಮಾತ್ರ ಯಾರೂ ಹೇಳಲಿಲ್ಲ. ನಾನೂ 'ತಾಂತ್ರಿಕ ಶ್ರೀಮಂತಿಕೆ' ಎಂದೆ. ಆಮೇಲೆ ಕಾರ್ಯದರ್ಶಿ ಅತ್ಯುತ್ತಮ ಚಿತ್ರಕ್ಕೆ ಚೀಟಿ ಹಂಚಿದರು. ಒಬ್ಬರು ಒಂದೇ ಹೆಸರು ಬರೆಯಬೇಕು.

ಪೆನ್ನು ಹಿಡಿದು ಕೂತೆ. ಇಸ್ತ್ರಿ ಸಿನಿಮಾದ ಮೊದಲ ಅಕ್ಷರವನ್ನು ಬರೆದೂಬಿಟ್ಟಿದ್ದೆ. ಆಗ ತಲೆಯೊಳಗೆ ಲೆಕ್ಕ ಶುರುವಾಯಿತು. ನನ್ನೊಬ್ಬಳ ಮತದಿಂದ ಅದು ಗೆಲ್ಲುವುದಿಲ್ಲ. ಹೊಸಬಳು, ಹೊರವಲಯದವಳು, ತಿಳಿವಳಿಕೆ ಇಲ್ಲದವಳು ಎಂದಾರು. ಅದೆಲ್ಲಕ್ಕಿಂತ ಕೆಟ್ಟ ಯೋಚನೆ ಕೊನೆಗೆ ಬಂತು: ನನ್ನ ಭವಿಷ್ಯ ಈ ಸಲವಾದರೂ ನಿಜವಾಗಬೇಕಲ್ಲ. ಅಕ್ಷರ ಹೊಡೆದುಹಾಕಿ ಕುದುರೆ ಸಿನಿಮಾದ ಹೆಸರು ಬರೆದು ಮಡಚಿಕೊಟ್ಟೆ.

ಕುದುರೆಗೆ ಎಂಟು. ಇಸ್ತ್ರಿಗೆ ಒಂದು.

ಊಟಕ್ಕೆ ಕೂತೆವು. ಬಿಸಿಬೇಳೆ ಬಾತಿಗೆ ಬೂಂದಿ ಉದುರಿಸಿಕೊಳ್ಳುತ್ತ ನನ್ನ ಪಕ್ಕದವರು, ನಿಜ ಹೇಳಬೇಕೆಂದರೆ ತಮಗೆ ಇಸ್ತ್ರಿ ಸಿನಿಮಾನೇ ಹಿಡಿಸಿತ್ತು, ಆದರೆ ಬೇರೆ ಯಾರೂ ಅದಕ್ಕೆ ಹಾಕುವುದಿಲ್ಲ ಅಂದುಕೊಂಡಿದ್ದಾಗಿ ಹೇಳಿದರು. ಅವರ ಆಚೆ ಕೂತವರು ಚಮಚ ಕೆಳಗಿಟ್ಟು ತಾವೂ ಹಾಗೇ ಅಂದುಕೊಂಡದ್ದೆಂದರು. ಮೇಜಿನ ಸುತ್ತ ಒಬ್ಬೊಬ್ಬರೇ ಬಾಯಿ ಬಿಟ್ಟರು. ನಾನೂ ಸೇರಿ ಎಂಟೂ ಜನ ಅದನ್ನೇ ಮೆಚ್ಚಿದ್ದೆವು. ಎಂಟೂ ಜನ ಉಳಿದವರ ರುಚಿಯನ್ನು ಊಹಿಸಿ, ನಮ್ಮ ರುಚಿಯನ್ನು ಜೇಬಿನಲ್ಲಿಟ್ಟುಕೊಂಡು ಬಂದಿದ್ದೆವು. ಇನ್ನೊಂದು ಮತ ಯಾರದೆಂದು ಎಲ್ಲರೂ ಒಟ್ಟಿಗೇ ತಿರುಗಿ ನೋಡಿದೆವು.

ಹಿರಿಯರು ಜಾಮೂನು ತಿನ್ನುತ್ತಿದ್ದರು. "ನಂದು ಕಣ್ರೀ. ಅದೊಂದ್ರಲ್ಲೇ ನಂಗೆ ನಿದ್ದೆ ಬರ್ಲಿಲ್ಲ," ಎಂದರು.

ಮತ್ತೆ ಮತ ಹಾಕೋಣವೇ ಎಂದು ಯಾರೋ ಮೆಲ್ಲಗೆ ಕೇಳಿದರು. ಫಲಿತಾಂಶ ಆಗಲೇ ಪತ್ರಿಕೆಗಳಿಗೆ ಹೋಗಿಯಾಗಿದೆ ಎಂದರು ಕಾರ್ಯದರ್ಶಿ. ಹೋಗಿತ್ತೋ ಇಲ್ಲವೋ, ನಮಗೆಲ್ಲ ಸಮಾಧಾನವಾದದ್ದಂತೂ ಹೌದು.

ಸೋಮವಾರ ಕ್ಯಾಂಟೀನಿನಲ್ಲಿ ನನಗೆ ಅಭಿನಂದನೆ. ಮೇಡಂ ಭವಿಷ್ಯ ಕೊನೆಗೂ ನಿಜವಾಯಿತೆಂದು ಒಬ್ಬರು ಮೈಸೂರು ಪಾಕ್ ಹಂಚಿದರು. ತಿಂಗಳೊಳಗೆ ದೊಡ್ಡ ಪ್ರಶಸ್ತಿಗಳೂ ಕುದುರೆಗೇ ಹೋದವು. ವಿಮರ್ಶಕರೇ ಒಪ್ಪಿದ ಚಿತ್ರ ಎಂದು ವೇದಿಕೆಯ ಮೇಲೆ ಸಾರಿದರು. ಆ ಒಪ್ಪಿಗೆಯಲ್ಲಿ ಒಂದು ಪಾಲು ನನ್ನದು. ಕೈಯಲ್ಲಿದ್ದ ಭಾಗದಲ್ಲಿ ಬಿರುಕು ಕಾಣಿಸುತ್ತಿದ್ದರೂ 'ಪಾಸ್' ಮುದ್ರೆ ಒತ್ತಿ ಕಳಿಸಿದ ಹಾಗಿತ್ತು. ಕಾರ್ಖಾನೆಯಲ್ಲಿ ಅಂಥ ತಪ್ಪಿಗೆ ಮೆಮೋ ಕೊಡುತ್ತಾರೆ. ಇಲ್ಲಿ ಮೈಸೂರು ಪಾಕ್ ಕೊಟ್ಟರು.

ಅಕ್ಕನಿಗೆ ನಡೆದದ್ದನ್ನೆಲ್ಲ ಹೇಳಿದೆ. ನಗುತ್ತಾರೆ ಅಂದುಕೊಂಡಿದ್ದೆ, ನಗಲಿಲ್ಲ. ಡೈರಿ ಅಧ್ಯಕ್ಷ ಸ್ಥಾನಕ್ಕೆ ತಾವು ನಿಂತಿದ್ದ ಚುನಾವಣೆಯ ಕಥೆ ಹೇಳಿದರು. ಕಣದಲ್ಲಿ ಇಬ್ಬರೇ, ಮತ ಹಾಕುವ ನಿರ್ದೇಶಕರು ತಮ್ಮನ್ನೂ ಸೇರಿಸಿ ಹದಿಮೂರು ಜನ. ತಮಗೆ ಇಬ್ಬರೋ ಮೂವರೋ ಹಾಕಿದರೆ ಹೆಚ್ಚು, ಹೇಗಿದ್ದರೂ ಸೋಲುತ್ತೇನೆ, ಸೋಲುವವಳು ತನಗೆ ತಾನೇ ಹಾಕಿಕೊಂಡಳೆಂದು ಆಡಿಕೊಳ್ಳುತ್ತಾರೆ ಎಂದು ಎದುರಾಳಿಗೇ ಹಾಕಿ ಬಂದಿದ್ದರು.

"ಎಷ್ಟರಲ್ಲಿ ಸೋತ್ರಿ ಅಕ್ಕ?"

"ಒಂದ್ರಾಗೆ."

ವಿಮರ್ಶಕರ ಪ್ರಶಸ್ತಿ ಸಮಾರಂಭ ಮಾತ್ರ ಆ ವರ್ಷ ತಡವಾಗಿ, ಆಮೇಲೊಂದು ಸಂಜೆ ನಡೆಯಿತು. ಊಟದ ಸಾಲಿನಲ್ಲಿ ಇಸ್ತ್ರಿ ಸಿನಿಮಾದ ನಿರ್ದೇಶಕಿ ನನ್ನ ಮುಂದೆಯೇ ನಿಂತಿದ್ದರು. ಮೂವತ್ತರ ಆಸುಪಾಸಿನ ಹುಡುಗಿ, ಹತ್ತಿ ಸೀರೆ, ಕೈಯಲ್ಲಿ ಬರೀ ನಾಮನಿರ್ದೇಶನದ ಪತ್ರ. ನಾನು ತೀರ್ಪುಗಾರಳೆಂದು ಪರಿಚಯ ಹೇಳಿಕೊಂಡೆ. ಸಿನಿಮಾ ಇಷ್ಟವಾಯಿತೆಂದೆ. ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಎರಡು ಸಲ ನೋಡಿದೆ, ಕಣ್ಣೀರೂ ಹಾಕಿದೆ, ಆದರೂ ನಿಮಗೆ ಮತ ಹಾಕಲಿಲ್ಲ ಎಂದೂ ಹೇಳಿಬಿಟ್ಟೆ. ಯಾಕೆ ಎಂದು ಕೇಳಲಿ, ಬೈಯಲಿ ಎಂದು ಕಾದೆ. ಆಕೆ ತಟ್ಟೆಗೆ ಪಲ್ಯ ಹಾಕಿಸಿಕೊಂಡರು.

"ಪರ್ವಾಗಿಲ್ಲ ಮೇಡಂ," ಎಂದರು ಆಮೇಲೆ. "ಒಂದು ಮತ ಬಿತ್ತಲ್ಲ, ಅದು ನಿಮ್ಮದು ಅಂತ ಯಾರಾದ್ರೂ ಕೇಳಿದ್ರೆ ಹೇಳ್ಕೊಳ್ಳಿ. ನಿಮಗಿಂತ ಮೊದ್ಲೇ ಮೂರು ಜನ ಬಂದು ಅದು ನಂದೇ ಅಂತ ಹೇಳಿದ್ರು."

ಹಿರಿಯರು ಅಂದು ಬಂದೇ ಇರಲಿಲ್ಲ. ಅಂದರೆ ಊಟದ ಮೇಜಿನಲ್ಲಿ ಸತ್ಯ ಒಪ್ಪಿಕೊಂಡಿದ್ದ ಎಂಟು ಜನರಲ್ಲಿ ಮೂವರು ಆಗಲೇ ಜಾಗ ಬದಲಿಸಿದ್ದರು. ನನಗೆ ನಾಚಿಕೆಯ ನಡುವೆಯೂ ನಗು ಬಂತು, ಆಕೆಗೂ ಬಂತು. ಇಬ್ಬರೂ ಒಂದೇ ಮೇಜಿಗೆ ಕೂತು ಉಂಡೆವು. ಮುಂದಿನ ಸಿನಿಮಾದ ಕಥೆ ಹೇಳಿದರು. ಅದರಲ್ಲೂ ಕುದುರೆ ಇರಲಿಲ್ಲ.

ಅಂದಿನಿಂದ ಪ್ರಶಸ್ತಿ ಭವಿಷ್ಯ ಬರೆಯುವುದನ್ನು ಬಿಟ್ಟೆ. ಓದುಗರು ಅರ್ಧಕ್ಕಿಳಿದರು, ಬೈಯುವವರು ಮಾತ್ರ ನಿಷ್ಠೆಯಿಂದ ಉಳಿದರು. ಈ ವರ್ಷ ವಿಮರ್ಶಕರ ಕೂಟ ಮತ್ತೆ ಕರೆದಿತ್ತು. ಚೀಟಿ ಕೈಗೆ ಬಂದ ಕೂಡಲೇ, ತಲೆ ಲೆಕ್ಕ ಶುರುಮಾಡುವ ಮೊದಲೇ, ನನಗೆ ಹಿಡಿಸಿದ ಹೆಸರು ಬರೆದು ಮಡಚಿಕೊಟ್ಟೆ. ಆ ಸಿನಿಮಾ ಸೋತಿತು. ಎರಡು ಮತ ಬಿದ್ದಿತ್ತು. ಇನ್ನೊಂದು ಯಾರದೆಂದು ನಾನು ಕೇಳಲಿಲ್ಲ.