ಚೌಕಾಸಿಯ ಮೌನ

ಠಾಕುರ್ಲಿಯಲ್ಲಿ ಲೋಕಲ್ ಹತ್ತಿ ಅಪರೂಪಕ್ಕೆ ಕಿಟಕಿ ಪಕ್ಕ ಜಾಗ ಸಿಕ್ಕಿತೆಂದರೆ ನಾನು ಯಾವ ವ್ಯವಹಾರಕ್ಕೂ ಬಾರದವನಾಗುತ್ತೇನೆ. ಮುಂಬ್ರಾದ ಹತ್ತಿರ ಒಂದು ಕಡೆ ಗುಡ್ಡ, ಇನ್ನೊಂದು ಕಡೆ ಸಮುದ್ರ ಒಳಹೊಕ್ಕ ಖಾಡಿಯ ನೀರು. ನೀರಿನ ಮೇಲೆ ಮಂಜೋ ಹೊಗೆಯೋ ತಿಳಿಯದ ಒಂದು ಬಿಳುಪು. ನೋಡುತ್ತ ಕೂತರೆ ನನ್ನ ಎರಡು ಹೋಟೆಲುಗಳು, ಹಾಲಿನವನು, ಗ್ಯಾಸಿನವನು ಎಲ್ಲ ಅದರಲ್ಲಿ ಕರಗಿಹೋಗುತ್ತಾರೆ. ವಾಶಿಯ ಕೋಚ್ ಮೇಡಂ ಇದನ್ನೇ ‘ನಾಯಕನ ಚಿಂತನೆ’ ಎಂದಾಗ, ಪುಕ್ಕಟೆ ಮಾಡುತ್ತಿದ್ದುದಕ್ಕೆ ಫೀಸು ಕೊಟ್ಟೆನಲ್ಲ ಎಂದು ಹೊಟ್ಟೆ ಉರಿಯಿತು.

ಯಜಮಾನರಿಗೆ ಯಜಮಾನಿಕೆ ಕಲಿಸುವ ಆ ಮೇಡಂ ಹತ್ತಿರ ನನ್ನನ್ನು ಅಟ್ಟಿದವಳು ಮಗಳು. ವರ್ತಕ ನಗರದ ನನ್ನ ಹೋಟೆಲನ್ನು ನೋಡಿಕೊಳ್ಳುವ ಜಗನ್ನಾಥನಿಗೆ ನವಿ ಮುಂಬಯಿಯ ಇನ್ನೊಂದು ಹೋಟೆಲಿನಿಂದ ಕರೆ ಬಂದಿತ್ತು. ಶನಿವಾರ ಬೆಳಿಗ್ಗೆ ಬಂದು ಸೇರು ಎಂದಿದ್ದರು. ಅವನು ಹೋದರೆ ಆ ಹೋಟೆಲಿನ ಅರ್ಧ ಜೀವ ಹೋದಂತೆ.

“ಹೋಗ್ತಿರುದು ಪಗಾರಿಗೆ ಅಲ್ಲ ಪಪ್ಪಾ,” ಎಂದಳು ಮಗಳು. “ಚಟ್ನಿಗೆ ಉಪ್ಪು ಹಾಕ್ಲಿಕ್ಕೂ ಜಗ್ಗಣ್ಣ ನಿಮ್ಗೆ ಫೋನ್ ಮಾಡ್ಬೇಕು. ಬೋರ್ ಆಗ್ದೆ ಇರ್ತದಾ?”

ಮೇಡಂ ಹೇಳಿದ್ದು ಇಷ್ಟೇ: ಯಾರಾದರೂ ಪ್ರಶ್ನೆ ತಂದರೆ ಉತ್ತರ ಕೊಡಬೇಡಿ, ‘ನಿನಗೇನನ್ನಿಸುತ್ತದೆ’ ಎಂದು ಕೇಳಿ ಸುಮ್ಮನಿರಿ. ನನಗೆ ನಗು ಬಂತು. ಕಲ್ಯಾಣದ ಮಾರ್ಕೆಟಿನಲ್ಲಿ ಬೆಂಡೆಯ ದರ ಕೇಳಿ, ಆಮೇಲೆ ಬೆಂಡೆಯನ್ನೇ ಸಮುದ್ರದ ಹಾಗೆ ನೋಡುತ್ತ ನಿಲ್ಲುವವನು ನಾನು. ಮಾರುವವನು ತಾನಾಗಿ ಕೆಳಗಿಳಿಯುತ್ತಾನೆ. ಯಕ್ಷಗಾನದಲ್ಲಿ ರಾಜ ಅಷ್ಟು ಹೊತ್ತು ಕುಣಿದು ಸಿಂಹಾಸನವೇರಿ, ರಾಜ್ಯದ ವಿಷಯವನ್ನು ಮಂತ್ರಿಯ ಬಾಯಿಂದಲೇ ಕೇಳುತ್ತಾನೆ. ಇವನಿಗೆ ಏನೂ ಗೊತ್ತಿಲ್ಲವೇ ಎಂದು ಚಿಕ್ಕಂದಿನಲ್ಲಿ ನನಗೆ ಮರುಕ. ಗೊತ್ತಿದ್ದೂ ಕೇಳುವುದೇ ಅವನ ಕೆಲಸವೆಂದು ಈಗ ತಿಳಿಯಿತು. ನೀವೂ ಮಾಡಿ ನೋಡಿ. ಆದರೆ ಮೊದಲ ಸಲ ನಾಲಿಗೆಯನ್ನು ಬಿಗಿಹಿಡಿದಿರಬೇಕಾಗುತ್ತದೆ.

ಶುಕ್ರವಾರ ರೈಲಿನಲ್ಲಿರುವಾಗ ಜಗನ್ನಾಥನ ಫೋನು. “ಧನಿ, ದೋಸೆ ಹಿಟ್ಟು ಪೂರಾ ಹುಳಿ ಆಗಿಬಿಟ್ಟಿದೆ. ಎಂಥ ಮಾಡುದು?”

ವಾಗ್ಳೆ ಎಸ್ಟೇಟಿನ ನನ್ನ ಇನ್ನೊಂದು ಹೋಟೆಲಿನಿಂದ ರಿಕ್ಷಾದಲ್ಲಿ ಹಿಟ್ಟು ತರಿಸು ಎನ್ನುವುದು ತುದಿನಾಲಿಗೆಗೆ ಬಂದಿತ್ತು. ಖಾಡಿಯ ಬಿಳುಪನ್ನು ನೋಡಿದೆ. “ನಿಂಗೆ ಎಂಥ ಅನ್ನಿಸ್ತದೆ?”

ಆ ಕಡೆಯಿಂದ ಮೆಲ್ಲಗೆ, “ಧನಿ, ಬಿಪಿ ಮಾತ್ರೆ ತಗೊಂಡಿದ್ದೀರಲ್ಲ?”

ನಾನು ಬಾಯಿ ಬಿಡಲಿಲ್ಲ. ಕಳ್ವಾ ಸ್ಟೇಷನ್ ದಾಟಿತು.

“ಹಾಗಾದ್ರೆ ಇವತ್ತು ದೋಸೆ ಬಂದ್. ಸಜ್ಜಿಗೆ ಬಜಿಲ್ ಹಾಕ್ತೇನೆ,” ಎಂದು ಫೋನಿಟ್ಟ.

ಸಜ್ಜಿಗೆ ಬಜಿಲ್! ಉಪ್ಪಿಟ್ಟನ್ನೂ ಖಾರದ ಅವಲಕ್ಕಿಯನ್ನೂ ಒಟ್ಟಿಗೆ ಕಲಸಿ ತಿನ್ನುವುದು ನಮ್ಮ ಕರಾವಳಿಯವರ ಹುಚ್ಚು. ಮಸಾಲೆ ದೋಸೆಗೆಂದು ಬರುವ ವರ್ತಕ ನಗರದವರು ತಟ್ಟೆ ತಳ್ಳಿ ಎದ್ದಾರು! ಅದೂ ಅಲ್ಲದೆ ನಮ್ಮಲ್ಲಿ ಧನಿ ರುಚಿ ನೋಡದೆ ಯಾವ ಹೊಸ ತಿಂಡಿಯೂ ಹೊರಗೆ ಹೋಗುವ ಪದ್ಧತಿಯಿಲ್ಲ.

ನಾನು ಹೋಟೆಲು ಮುಟ್ಟುವಾಗ ಮೇಜುಗಳು ತುಂಬಿದ್ದವು. ಒಬ್ಬ ಅಜ್ಜ ಬೆರಳು ನೆಕ್ಕುತ್ತಿದ್ದರು. “ನಂಗೂ ಒಂದು ಪ್ಲೇಟ್ ಕೊಡು,” ಎಂದೆ.

“ಖಲಾಸ್, ಧನಿ!” ಜಗನ್ನಾಥ ನನ್ನತ್ತ ತಿರುಗಲೂ ಇಲ್ಲ. “ನಾಳೆ ಸ್ವಲ್ಪ ಬೇಗ ಬನ್ನಿ, ತೆಗೆದಿಡ್ತೇನೆ.”

ನಾಳೆ ಶನಿವಾರ. ಹಾಗಾದರೆ ನವಿ ಮುಂಬಯಿಗೆ ಹೋಗುವುದಿಲ್ಲವೇ ಎಂದು ಕೇಳಲು ತೆರೆದ ಬಾಯಿಯನ್ನು ಮುಚ್ಚಿಕೊಂಡು ಹೊರಗೆ ಬಂದೆ. ಎದುರಿನ ಗಾಡಿಯಲ್ಲಿ ವಡಾಪಾವ್ ತಿನ್ನುತ್ತ, ನನ್ನನ್ನು ಬಿಟ್ಟು ನಡೆಯುತ್ತಿದ್ದ ನನ್ನ ಹೋಟೆಲನ್ನು ಕನಸಿನಂತೆ ನೋಡಿದೆ. ಧನಿಯಾದವನಿಗೆ ಆಗಾಗ ತನ್ನ ಹೋಟೆಲಿನಲ್ಲಿ ತಿಂಡಿ ಸಿಗದಿರುವುದು ಒಳ್ಳೆಯದು.